ಎಡಗೈಯಿಂದ ಪೇಟಿ ನುಡಿಸಿದ ಹುಡುಗಿ

ಇಪ್ಪತ್ತರ ದಶಕದ ನಡುವೆ, ದೇಶದ ದೊಡ್ಡ ದೊಡ್ಡ ಮಂದಿ ಬೆಳಗಾವಿಗೆ ಬಂದು ಸಭೆ ಮಾಡಿ ಹೋದ ಮರುವರ್ಷ, ನಾನು ಮದುವೆಯಾಗಿ ಖಾನಾಪುರಕ್ಕೆ ಬಂದೆ. ನನ್ನ ಯಜಮಾನರು ಅಲ್ಲಿಯ ಸ್ಟೇಶನ್ನಿನಲ್ಲಿ ಮಾಲು ಸಾಗಿಸುವ ಗುಮಾಸ್ತರು. ಸ್ಟೇಶನ್ನಿಗೆ ಹತ್ತಿಕೊಂಡೇ ಇದ್ದ ರೈಲ್ವೆ ಮನೆಗಳ ಸಾಲಿನಲ್ಲಿ ಕೊನೆಯದು ನಮ್ಮದು. ಕಾಡಿನಿಂದ ಎತ್ತಿನ ಬಂಡಿಗಳಲ್ಲಿ ಬಂದ ತೇಗದ ದಿಮ್ಮಿಗಳನ್ನು ನಮ್ಮ ಹಿತ್ತಿಲಿನಾಚೆಯ ಬಯಲಲ್ಲಿ ಇಳಿಸುತ್ತಿದ್ದರು. ಬೆಳಿಗ್ಗೆ ಮಂಜು ಬಿದ್ದಾಗ ಅವು ಕೆರೆಯಲ್ಲಿ ಮಲಗಿದ ಎಮ್ಮೆಗಳ ಹಾಗೆ ಬೆನ್ನಷ್ಟೇ ತೋರಿಸುತ್ತಿದ್ದವು. ನನಗೆ ಆ ವರ್ಷಗಳು ಈಗಲೂ ಹಾಗೆಯೇ ಕಾಣುತ್ತವೆ. ಮಂಜಿನಲ್ಲಿ ಬೆನ್ನು ಕಾಣುತ್ತದೆ, ಉಳಿದದ್ದನ್ನು ನಾನೇ ತುಂಬಿಕೊಳ್ಳಬೇಕು.

ತವರಿನಿಂದ ನನ್ನ ಜೊತೆ ಒಂದು ಟ್ರಂಕು, ಒಂದು ಪೇಟಿ ಬಂದಿದ್ದವು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎಂದೇ ಹೆಸರು. ಅಪ್ಪ ಅನಗೋಳದಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು. ಆಗ ಅನಗೋಳ ಬೆಳಗಾವಿಯ ಹೊರಗಿನ ಹಳ್ಳಿ. ಸ್ಟೇಶನ್ನಿನಿಂದ ಟಾಂಗಾದಲ್ಲಿ ಹೋದರೆ ಎರಡೂ ಕಡೆ ಭತ್ತದ ಗದ್ದೆ. ಬಸದಿಯಲ್ಲಿ ಪೂಜೆಯ ಹೊತ್ತಿನ ಸ್ತವನಗಳಿಗೆ ಪೇಟಿ ನುಡಿಸುತ್ತಿದ್ದವರು ಅಪ್ಪ. ಹೊಲದಿಂದ ಬಂದು, ಕೈಕಾಲು ತೊಳೆದು, ಉಗುರಿನ ಮಣ್ಣು ಪೂರ್ತಿ ಹೋಗುವ ಮೊದಲೇ ಪೇಟಿಯ ಮುಂದೆ ಕುಳಿತುಬಿಡುತ್ತಿದ್ದರು. ನನಗೂ ಚಿಕ್ಕಂದಿನಲ್ಲೇ ಕಲಿಸಿದರು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಓಣಿಯವರು ಕೇಳಿದರೆ, "ಗಾಳಿಗೆ ಗಂಡು ಹೆಣ್ಣು ಗೊತ್ತಾಗತೈತೇನ್ರಿ?" ಎಂದು ನಗುತ್ತಿದ್ದರು.

ಅತ್ತೆಗೆ ಆ ನಗು ಸಾಲಲಿಲ್ಲ. ಕೆಟ್ಟವರಲ್ಲ ಅವರು, ಆದರೆ ರೈಲ್ವೆ ಮನೆಗಳ ಗೋಡೆ ತೆಳು. "ಬಾಜೂ ಮನಿಯವರೆಲ್ಲಾ ಕೇಳಸ್ಕೋತಾರ. ನಾಟಕದವರ ಮನಿ ಅಂದಾರು," ಎಂದು ಹೇಳಿ ಪೇಟಿಯನ್ನು ಮೂಲೆಗಿಟ್ಟು ಅದರ ಮೇಲೆ ಹೊದೆಯುವ ಕೌದಿಗಳನ್ನು ಮಡಚಿಟ್ಟರು. ಕೌದಿ ತೆಗೆಯುವಾಗ, ಇಡುವಾಗ ನಾನು ಆ ಮರವನ್ನು ಒಮ್ಮೆ ಕೈಯಿಂದ ಸವರುತ್ತಿದ್ದೆ. ಅಷ್ಟೇ.

ಒಂದು ಮಧ್ಯಾಹ್ನ ಸ್ಟೇಶನ್ ಮಾಸ್ತರರ ಇಬ್ಬರು ಮಕ್ಕಳು ನಮ್ಮ ಮನೆಗೆ ಆಡಲು ಬಂದರು. ದೊಡ್ಡವಳು ಎಂಟರ ಆಸುಪಾಸಿನ ಹುಡುಗಿ, ಚಿಕ್ಕವನು ಇನ್ನೂ ಮಾತು ತೊದಲುವ ಹುಡುಗ. ಅವರು ಮನೆಯಲ್ಲಿ ಆಡುವುದು ಮರಾಠಿ, ಹೊರಗೆ ಕನ್ನಡ. ಚಿಕ್ಕವನು ಕೌದಿಗಳ ಮೇಲೆ ಹತ್ತಿ ಕುಣಿದಾಗ ಕೆಳಗಿನಿಂದ ಪೇಟಿ ಸಣ್ಣಗೆ ನರಳಿತು. ಹುಡುಗ ಗಾಬರಿಯಾಗಿ ಇಳಿದುಬಿಟ್ಟ.

"ಕಾಕೂ, ಇದರಾಗ ಯಾರದಾರ?"

"ಯಾರೂ ಇಲ್ಲಪಾ. ಗಾಳಿ ಐತಿ."

"ಗಾಳಿನ್ನ ಯಾಕ ಮುಚ್ಚಿಟ್ಟೀರಿ?"

ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರವನ್ನು ಕೆಳಗಿಟ್ಟು ನಮ್ಮ ಕಡೆ ನೋಡಿದರು. ಆಮೇಲೆ, "ತಗದು ತೋರಸು. ಇಲ್ಲಂದ್ರ ಹುಡುಗ ರಾತ್ರಿ ಅಂಜತೈತಿ," ಎಂದರು.

ಹಾಗೆ ಪೇಟಿ ತೆರೆಯಿತು. ಒಂದೆರಡು ದಿನಗಳಲ್ಲಿ ಮಾಸ್ತರರ ಹೆಂಡತಿಯೇ ಬಂದು, "ನಮ್ಮ ಹುಡುಗರಿಗೆ ಸ್ವಲ್ಪ ಕಲಸಾಕ ನಿಮ್ಮ ಸೊಸಿಗೆ ಹೇಳ್ರಲಾ," ಎಂದು ಅತ್ತೆಯನ್ನು ಕೇಳಿದರು. ಮಾಸ್ತರರ ಮನೆಯವರೇ ಕೇಳಿದ ಮೇಲೆ ನಾಟಕದವರ ಮಾತು ಮತ್ತೆ ಬರಲಿಲ್ಲ. ಅತ್ತೆ ಒಂದೇ ಕಟ್ಟಳೆ ಹಾಕಿದರು. ನಾವು ಜೈನರು, ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕು. ಅದಕ್ಕೂ ಮುನ್ನ ಪೇಟಿ ಮುಚ್ಚಬೇಕು. ಹೀಗಾಗಿ ನನ್ನ ಪಾಠಗಳೆಲ್ಲ ನಡೆದದ್ದು ಬಿಸಿಲು ಹಳದಿಯಾಗಿ ಇಳಿಯುವ ಹೊತ್ತಿನಲ್ಲಿ. ಇಂದಿಗೂ ಯಾರಾದರೂ ಸರಿಗಮ ಎಂದರೆ ನನ್ನ ಕಣ್ಣಿಗೆ ಆ ಬೆಳಕು ಬರುತ್ತದೆ.

ಸಣ್ಣ ಮಕ್ಕಳಿಗೆ ಪೇಟಿ ಕಲಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆರಳಿಡುವ ಕಪ್ಪು ಬಿಳಿ ಪಟ್ಟಿಗಳನ್ನು ಕಂಡರೆ ಸಾಕು, ಮಕ್ಕಳು ಎಲ್ಲವನ್ನೂ ಒಟ್ಟಿಗೆ ಒತ್ತಬೇಕೆನ್ನುತ್ತಿದ್ದರು. ಅದಕ್ಕೆ ನಾನು ಮೊದಲು ಪಟ್ಟಿಗಳ ಮೇಲೆ ಬಟ್ಟೆ ಹೊದಿಸಿ, ಹಿಂದಿನ ತಿದಿಯನ್ನಷ್ಟೇ ಅವರ ಕೈಗೆ ಕೊಟ್ಟೆ. "ಮೊದಲ ಉಸಿರು. ನಿಮ್ಮವ್ವ ಮಲಗಿದಾಗ ಹೆಂಗ ಉಸಿರಾಡತಾಳ, ಹಂಗ," ಎನ್ನುತ್ತಿದ್ದೆ. ಮಕ್ಕಳು ತಾಯಿಯ ನಿದ್ದೆಯನ್ನು ನೆನೆಸಿಕೊಂಡು ಕಣ್ಣು ಮುಚ್ಚಿ ತಿದಿ ಒತ್ತುತ್ತಿದ್ದರು. ಚಿಕ್ಕವನು ಹಾಗೆ ಒತ್ತುತ್ತ ಒತ್ತುತ್ತ ಎಷ್ಟೋ ಸಲ ಪೇಟಿಗೆ ತಲೆಯಿಟ್ಟು ನಿದ್ದೆಹೋದ. ಅವನನ್ನು ಎಬ್ಬಿಸದೆ ನಾನು ಒಂದು ಬೆರಳಿನಿಂದ ಷಡ್ಜ ಹಿಡಿದಿರುತ್ತಿದ್ದೆ. ಆ ಸ್ವರ ಮರದಿಂದ ಅವನ ಕೆನ್ನೆಗೆ ಇಳಿದು ಕನಸಿನೊಳಗೆ ಹೋಗುತ್ತದೆ ಎಂದು ನನಗೆ ಖಾತ್ರಿಯಿತ್ತು.

ಉಸಿರಾದ ಮೇಲೆ ಕಿವಿ. ಸ್ಟೇಶನ್ನಿನಲ್ಲಿ ಗಂಟೆಯ ಬದಲು ಹಳಿಯ ಒಂದು ತುಂಡನ್ನು ತೂಗುಹಾಕಿದ್ದರು. ಗಾಡಿ ಹಿಂದಿನ ಊರು ಬಿಟ್ಟಾಗ ಅದನ್ನು ಬಾರಿಸುತ್ತಿದ್ದರು. "ಆ ಗಂಟಿ ಯಾವ ಪಟ್ಟ್ಯಾಗ ಐತಿ, ಹುಡುಕ್ರಿ ನೋಡೂಣು," ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅವರು ಒಂದೊಂದೇ ಪಟ್ಟಿ ಒತ್ತುತ್ತ ಹುಡುಕುವಷ್ಟರಲ್ಲಿ ಗಾಡಿ ಬಂದು, ನೀರು ಕುಡಿದು, ಹೊರಟೂ ಹೋಗುತ್ತಿತ್ತು. ಒಂದು ದಿನ ಹೀಗೆ ಹುಡುಕುತ್ತಿದ್ದಾಗ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಅದು ಪೇಟ್ಯಾಗ ಇಲ್ರಿ ಕಾಕೂ. ಆ ಕರೇದಕ್ಕೂ ಈ ಬಿಳೇದಕ್ಕೂ ನಡುವ ಐತಿ."

ನಮಗೆ ಹಾಲು ಹಾಕುವ ಮುದುಕಿಯ ಮೊಮ್ಮಗಳು ಅದು. ಏಳು ವರ್ಷವಿದ್ದೀತು. ನಾನು ಎರಡೂ ಪಟ್ಟಿ ಒತ್ತಿ ನೋಡಿದೆ. ಗಂಟೆಯ ನೆನಪು ಇನ್ನೂ ಕಿವಿಯಲ್ಲಿತ್ತು. ಹುಡುಗಿ ಹೇಳಿದ್ದು ಖರೇ. ಅದು ಎರಡರ ನಡುವೆ, ಪೇಟಿಗೆ ಸಿಗದ ಜಾಗದಲ್ಲಿತ್ತು.

"ಒಳಗ ಬಾ. ಕುಂದರು," ಎಂದೆ.

ಕುಳಿತಾಗ ಕಂಡಿತು, ಅವಳ ಎಡಗೈಯನ್ನು ಹಳೇ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟಿದ್ದರು. ಪೆಟ್ಟಾಗಿದೆಯೇನೋ ಎಂದು ಕೇಳಿದೆ.

"ಪೆಟ್ಟಲ್ರಿ. ನಾ ಎಡಚಿ. ಎಲ್ಲಾ ಇದ ಕೈ ಮುಂದ ಬರತೈತಿ. ಅದಕ್ಕ ಆಯಿ ಕಟ್ಟತಾಳ."

ಆಯಿ ಎಂದರೆ ಅವಳ ಅಜ್ಜಿ. ತಾಯಿ ಊರೂರು ಬಡಿದ ದೊಡ್ಡ ಜ್ವರದ ವರ್ಷ ಸತ್ತಿದ್ದಳು. ತಂದೆ ಕಾಡಿನಲ್ಲಿ ಮರ ಕಡಿಯುವವರ ಜೊತೆ ಇದ್ದು ಹಬ್ಬಕ್ಕೊಮ್ಮೆ ಬರುತ್ತಿದ್ದ. ಸಾಕುತ್ತಿದ್ದವಳು ಈ ಮುದುಕಿ. ಹಾಲು ಹಾಕುವುದರ ಜೊತೆಗೆ ಅವಳು ಬಾಣಂತಿಯರಿಗೆ, ಕೂಸುಗಳಿಗೆ, ಕೈಕಾಲು ಬಿದ್ದವರಿಗೆ ಎಣ್ಣೆ ತಿಕ್ಕುತ್ತಿದ್ದಳು. ಎತ್ತರದ ಗಟ್ಟಿ ಹೆಂಗಸು, ಮಾತು ಕಡಿಮೆ. ಮೊಮ್ಮಗಳು ನಾಳೆ ಎಡಗೈಯಿಂದ ಬಡಿಸಿದರೆ, ಎಡಗೈಯಿಂದ ಕುಂಕುಮ ಕೊಟ್ಟರೆ ಯಾರ ಮನೆಯವರು ಸೊಸೆ ಮಾಡಿಕೊಂಡಾರು ಎಂಬ ಚಿಂತೆ ಅವಳದು.

ಮುದುಕಿ ಎಲ್ಲ ಮನೆಗಳಿಗೆ ಹಾಲು ಹಾಕಿ ಮುಗಿಸುವ ತನಕ ಹುಡುಗಿ ನಮ್ಮಲ್ಲಿ ಕೂರತೊಡಗಿದಳು. ಪೇಟಿಯಲ್ಲಿ ಎಡಗೈ ತಿದಿ ಒತ್ತುತ್ತದೆ, ಬಲಗೈ ನುಡಿಸುತ್ತದೆ. ಅವಳ ಎಡಗೈ ಕಟ್ಟಿದ್ದರಿಂದ ನಾನೇ ತಿದಿ ಒತ್ತುತ್ತಿದ್ದೆ. ಅವಳ ಬಲಗೈ ಬೆರಳುಗಳು ದಾರಿ ತಪ್ಪಿದ ಇರುವೆಗಳ ಹಾಗೆ ಪಟ್ಟಿಗಳ ಮೇಲೆ ಅಡ್ಡಾಡುತ್ತಿದ್ದವು. ಕೇಳಿದ್ದನ್ನೆಲ್ಲ ಬಾಯಲ್ಲಿ ಹಾಡುತ್ತಿದ್ದಳು, ಬೆರಳಿಗೆ ಮಾತ್ರ ಬರುತ್ತಿರಲಿಲ್ಲ. ಒಂದು ಸಂಜೆ ನಾನು ಆ ಗಂಟು ಬಿಚ್ಚಿದೆ. ಪೇಟಿಯ ತಿದಿಯನ್ನು ಅವಳ ಬಲಗೈಗೆ ಬರುವಂತೆ ಸರಿಮಾಡಿದೆ. ಅವಳು ಒಮ್ಮೆ ಬಾಗಿಲ ಕಡೆ ನೋಡಿ, ಎಡಗೈಯನ್ನು ಪಟ್ಟಿಗಳ ಮೇಲಿಟ್ಟಳು.

ಮುಂದಿನದನ್ನು ಹೇಗೆ ಹೇಳಲಿ? ಕತ್ತಲ ಕೋಣೆಯಲ್ಲಿ ಬಹಳ ಹೊತ್ತು ಕೂಡಿಹಾಕಿದ ಕರು ಬಯಲಿಗೆ ಬಂದ ಕೂಡಲೇ ಓಡುವುದಿಲ್ಲ, ನಿಂತು ಗಾಳಿ ಮೂಸುತ್ತದೆ. ಆ ಕೈ ಹಾಗೆ ನಿಂತಿತು. ಆಮೇಲೆ ನಾನು ತಿಂಗಳಿನಿಂದ ಹಾಡಿಸಿದ್ದೆಲ್ಲ ಒಂದೊಂದಾಗಿ ಬಂತು. ಮಾಸ್ತರರ ಮಗಳು ತನ್ನ ಪಾಠ ಮರೆತು ಕೇಳುತ್ತ ಕುಳಿತಳು. ಅತ್ತೆ ಸೊಪ್ಪು ಸೋಸುವುದನ್ನು ಬಿಟ್ಟು ಬಂದು ಕಂಬಕ್ಕೆ ಒರಗಿದರು.

ದಿನವೂ ಅವಳು ಬಂದಾಗ ಬಿಚ್ಚುವುದು, ಹೋಗುವಾಗ ಕಟ್ಟುವುದು. ಮಳೆಗಾಲ ಹಿಡಿದು ಪೇಟಿಯ ಮರ ಉಬ್ಬಿ ಕೆಲವು ಪಟ್ಟಿಗಳು ಒತ್ತಿದಲ್ಲೇ ಕೂತುಬಿಟ್ಟವು. ಆಗ ಅವನ್ನು ಬಿಟ್ಟು ಉಳಿದ ಸ್ವರಗಳಲ್ಲೇ ಹಾಡು ಕಟ್ಟಿಕೊಂಡೆವು. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಅರ್ಧ ಸ್ವರಗಳ ಹಾಡು. ಆ ತಿಂಗಳುಗಳಲ್ಲಿ ಯಾವುದು ನಡೆದದ್ದು, ಯಾವುದು ನಾನು ಆಮೇಲೆ ಕಂಡ ಕನಸು ಎಂದು ಬೇರೆ ಮಾಡಲು ಈಗ ನನಗಾಗುವುದಿಲ್ಲ.

ಮಳೆ ಕಡಿಮೆಯಾದ ಒಂದು ಸಂಜೆ ಮುದುಕಿ ಬೇಗನೆ ಬಂದಳು. ಹಾಲಿನ ಚರಿಗೆ ಹಿಡಿದು ಬಾಗಿಲಲ್ಲಿ ನಿಂತವಳಿಗೆ ಮೊಮ್ಮಗಳ ಬಿಚ್ಚಿದ ಕೈ ಕಂಡಿತು. ಹುಡುಗಿ ಗಕ್ಕನೆ ನಿಲ್ಲಿಸಿದಳು. ಪೇಟಿಯೊಳಗೆ ಉಳಿದ ಗಾಳಿ ಒಂದು ಕ್ಷಣ ಅದೇ ಸ್ವರ ಹಿಡಿದಿದ್ದು ಆರಿಹೋಯಿತು.

"ಬಾ," ಎಂದಳು ಮುದುಕಿ.

"ಆಯಿ, ಸ್ವಲ್ಪ ಕೇಳ್ರಿ," ಎಂದು ನಾನು ಎದ್ದೆ. "ಆಕಿ ಕೈಯಾಗ ಭಾಳ ಛಲೋ ಐತಿ."

"ಛಲೋ ಇರಬೌದು ತಂಗಿ. ನಾ ಸತ್ತಮ್ಯಾಗ ಆಕಿನ್ನ ನೋಡಾವರು ಯಾರು? ನೀ ಪೇಟಿ ಕಲಸ್ತಿ. ನಾ ಆಕಿಗೆ ಒಂದು ಮನಿ ಹುಡುಕಬೇಕಲಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮುದುಕಿ ಅಲ್ಲೇ ಬಾಗಿ ಮೊಮ್ಮಗಳ ಕೈ ಕಟ್ಟಿ ಕರೆದುಕೊಂಡು ಹೋದಳು. ಮರುದಿನದಿಂದ ಹಾಲು ಬಂತು, ಹುಡುಗಿ ಬರಲಿಲ್ಲ. ಮಾಸ್ತರರ ಮಕ್ಕಳ ಪಾಠ ನಡೆದೇ ಇತ್ತು. ಗಂಟೆಯ ಸದ್ದು ಬಂದಾಗಲೆಲ್ಲ ಚಿಕ್ಕವನು ಬಾಗಿಲ ಕಡೆ ನೋಡಿ, "ಆಕಿ ಎಲ್ಲಿ?" ಎಂದು ಕೇಳುತ್ತಿದ್ದ.

ಚಳಿಗಾಲದ ಶುರುವಿನಲ್ಲಿ ಬೆಳಗಾವಿಯಿಂದ ಸುದ್ದಿ ಬಂತು. ಅಪ್ಪನಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದಿದ್ದವು. ಮಾತು ತೊಡಕಾಗಿತ್ತು. ನಾನು ಗಂಟು ಕಟ್ಟಿಕೊಳ್ಳುತ್ತಿದ್ದಾಗ ಅತ್ತೆ ಹೊರಗೆ ಹೋದರು. ಬರುವಾಗ ಅವರ ಹಿಂದೆ ಆ ಮುದುಕಿ, ಅವಳ ಕೈಯಲ್ಲಿ ಎಣ್ಣೆಯ ಮಗಿ, ಅವಳ ಸೆರಗು ಹಿಡಿದ ಮೊಮ್ಮಗಳು.

"ನಾನ ಕೇಳಿದೆ," ಎಂದರು ಅತ್ತೆ. "ಇಕಿ ಕೈಗುಣ ಛಲೋ ಐತಿ. ನಿಮ್ಮಪ್ಪಗ ನಾಕ ದಿನ ತಿಕ್ಕಲಿ."

"ಹುಡುಗಿನ್ನ ಬಿಡಾಕ ಯಾರೂ ಇಲ್ಲ. ಅದಕ್ಕ ಕರಕೊಂಡು ಬಂದೀನಿ," ಎಂದಳು ಮುದುಕಿ, ನನ್ನ ಮುಖ ನೋಡದೆ.

ನಾವು ಮೂವರೂ ಬೆಳಗಿನ ಗಾಡಿ ಹತ್ತಿದೆವು. ಹುಡುಗಿ ಅದೇ ಮೊದಲ ಸಲ ಗಾಡಿಯಲ್ಲಿ ಕುಳಿತದ್ದು. ಕಿಟಕಿಗೆ ಹಣೆ ಹಚ್ಚಿ, ಗಾಲಿಗಳ ಸದ್ದಿಗೆ ತುಟಿ ಅಲುಗಿಸುತ್ತ ಬೆಳಗಾವಿಯ ತನಕ ಬಂದಳು. ನಾನು ಅಪ್ಪನ ಕೈಯನ್ನು ನೆನೆಯುತ್ತ ಕುಳಿತಿದ್ದೆ.

ಅಪ್ಪ ಪಡಸಾಲೆಯ ಮಂಚದ ಮೇಲಿದ್ದರು. ನನ್ನನ್ನು ನೋಡಿ ಏನೋ ಹೇಳಹೋದರು. ಬಂದ ಮಾತೇ ಬೇರೆ. ನೀರು ಬೇಕಾದರೆ "ಎತ್ತು" ಎನ್ನುತ್ತಿದ್ದರು, ಅವ್ವನನ್ನು ಕರೆಯಲು "ಬಾಗಿಲು" ಎನ್ನುತ್ತಿದ್ದರು. ತಪ್ಪಾಯಿತೆಂದು ಅವರಿಗೂ ತಿಳಿಯುತ್ತಿತ್ತು. ತಿಳಿದು ಬಾಯಿ ಮುಚ್ಚಿಕೊಂಡುಬಿಡುತ್ತಿದ್ದರು. ಅವರ ಪೇಟಿ ಮೂಲೆಯಲ್ಲಿತ್ತು. ಅದು ಕಣ್ಣಿಗೆ ಬೀಳದಿರಲೆಂದು ಅವ್ವ ಮುಂದೆ ಒಂದು ಬುಟ್ಟಿ ಇಟ್ಟಿದ್ದಳು.

ಮುದುಕಿ ದಿನಾ ಬೆಳಿಗ್ಗೆ ಅಪ್ಪನನ್ನು ಅಂಗಳದ ಬಿಸಿಲಿಗೆ ಕೂರಿಸಿ ಬಲಗೈಗೆ, ಬಲಗಾಲಿಗೆ ಎಣ್ಣೆ ತಿಕ್ಕಿದಳು. ಒಂದೊಂದೇ ಬೆರಳನ್ನು ಹಿಡಿದು ಮಡಿಸಿದಳು, ಬಿಡಿಸಿದಳು. ಕಾಲು ಸ್ವಲ್ಪ ಮಾತು ಕೇಳಿತು. ಕೈ ಕೇಳಲಿಲ್ಲ. ಅವಳು ಬೇಸರಿಸದೆ ಮತ್ತೆ ತಿಕ್ಕುತ್ತಿದ್ದಳು.

ಒಂದು ಮಧ್ಯಾಹ್ನ ನಾನೂ ಅವ್ವನೂ ಅಡಿಗೆಮನೆಯಲ್ಲಿದ್ದಾಗ ಪೇಟಿಯ ಸ್ವರ ಕೇಳಿತು. ನಾನು ಎದ್ದು ಪಡಸಾಲೆಯ ಬಾಗಿಲಿಗೆ ಬಂದೆ. ಹುಡುಗಿ ಬುಟ್ಟಿ ಸರಿಸಿ, ಪೇಟಿಯನ್ನು ಎಳೆದು ಮಂಚದ ಮೇಲೆ ಅಪ್ಪನ ಮುಂದೆ ಏರಿಸಿದ್ದಳು. ಅದನ್ನು ಹೇಗೆ ಎತ್ತಿದಳೋ. ಕಟ್ಟನ್ನು ತಾನೇ ಹಲ್ಲಿನಿಂದ ಬಿಚ್ಚಿಕೊಂಡಿದ್ದಳು. ಸೀರೆಯಂಚು ನೆಲದ ಮೇಲಿತ್ತು. ಎರಡೂ ಕೈಯಿಂದ ತಿದಿ ಹಿಡಿದು ಅವಳು ಅಪ್ಪನಿಗೆ ಹೇಳುತ್ತಿದ್ದಳು:

"ಅಜ್ಜಾ, ಆ ಕೈ ಮಲಗೈತಿ. ಮಲಗ್ಲಿ ಬಿಡ್ರಿ. ಈ ಕೈ ಎದ್ದ ಐತಲಾ, ಇದನ್ನ ಕೊಡ್ರಿ."

ಅಪ್ಪ ತಲೆಯಾಡಿಸಿದರು. ಬೇಡವೆಂದು. ಅವಳು ಕೇಳಲಿಲ್ಲ. ಅವರ ಎಡಗೈಯನ್ನು ಹಿಡಿದು ತಂದು ಪಟ್ಟಿಯ ಮೇಲಿಟ್ಟಳು. ಅಪ್ಪನ ಬೆರಳು ಎರಡು ಪಟ್ಟಿಗಳನ್ನು ಒಟ್ಟಿಗೆ ಒತ್ತಿ, ಪೇಟಿ ಒಡಕು ದನಿ ಮಾಡಿತು. ಅಪ್ಪ ಕೈ ಹಿಂದೆ ತೆಗೆದರು.

"ಗಡಬಡ ಮಾಡಬ್ಯಾಡ್ರಿ," ಎಂದು ಹುಡುಗಿ ಗದರಿದಳು. ನನ್ನದೇ ದನಿ, ನನ್ನದೇ ಹುಬ್ಬುಗಂಟು. "ಮೊದಲ ಉಸಿರು. ಕಣ್ಣ ಮುಚ್ರಿ. ಹಾಂ. ಈಗ ಒಂದ ಬೆರಳು."

ಅಪ್ಪ ಕಣ್ಣು ಮುಚ್ಚಿದರು. ತಿದಿ ಏರಿ ಇಳಿಯಿತು. ಒಂದು ಬೆರಳು ಒಂದು ಪಟ್ಟಿಯ ಮೇಲೆ ಇಳಿದು ನಿಂತಿತು. ಆಮೇಲೆ ಅಪ್ಪನ ಬಾಯಿಂದ ಬಂತು: "ಸಾ."

ಅದು ತೊಡಕಿಲ್ಲದ ಸಾ. ಎಂದಿನ ಅಪ್ಪನ ಸಾ. ನನ್ನ ಹಿಂದೆ ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಅವಳ ಉಸಿರು ನನ್ನ ಕತ್ತಿಗೆ ತಾಗಿತು. ಹುಡುಗಿಗೆ ಅದೇನೂ ದೊಡ್ಡದೆನಿಸಲಿಲ್ಲ. "ಹಾಂ, ಮುಂದ," ಎಂದಳು. ಅಪ್ಪ "ರೇ" ಎಂದರು, "ಗ" ಎಂದರು. ಬೆರಳು ತಡವರಿಸುತ್ತಿತ್ತು, ಸ್ವರದ ಹೆಸರು ಮಾತ್ರ ಒಂದೂ ತಪ್ಪಲಿಲ್ಲ. "ನಿ" ಮುಟ್ಟಿದಾಗ ಅವರ ಕಣ್ಣಿಂದ ನೀರು ಇಳಿದು ಗಡ್ಡದ ಬಿಳಿ ಕೂದಲಲ್ಲಿ ನಿಂತಿತು. ಅವರು ನಗುತ್ತಿದ್ದರು ಕೂಡ. ಬಾಯಿಯ ಒಂದೇ ಬದಿಯಿಂದ.

ಅಂಗಳದ ಬಾಗಿಲಲ್ಲಿ ಮುದುಕಿ ಎಣ್ಣೆಯ ಮಗಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಮೊಮ್ಮಗಳು ಅವಳನ್ನು ನೋಡಿ ಗಾಬರಿಯಿಂದ ಸೀರೆಯಂಚಿಗೆ ಕೈ ಚಾಚಿದಳು. ಮುದುಕಿ ಅದಕ್ಕೂ ಮೊದಲೇ ಬಾಗಿ ಅದನ್ನು ಎತ್ತಿಕೊಂಡಳು. ಮಗಿಯ ಬಾಯಿಗೆ ಅದನ್ನು ಸುತ್ತಿ, ಎಣ್ಣೆ ಚೆಲ್ಲದ ಹಾಗೆ ಬಿಗಿಯಾಗಿ ಗಂಟು ಹಾಕಿದಳು.

"ಊಟಕ್ಕ ಮಾತ್ರ ಬಲಗೈ," ಎಂದಳು. "ಅದನ್ನ ನಾ ಬಿಡಾಂಗಿಲ್ಲ."

ಮತ್ತೆ ನನ್ನ ಕಡೆ ತಿರುಗಿ, "ನೀ ಅಳಬ್ಯಾಡ ತಂಗಿ. ಒಲಿ ಮ್ಯಾಗ ಏನರ ಇಟ್ಟೀಯೇನು? ಸೀದ ವಾಸನಿ ಬರಾಕತ್ತೈತಿ," ಎಂದಳು. ಖರೇನೇ ಬೇಳೆ ತಳ ಹತ್ತಿತ್ತು.

ಅಪ್ಪ ಆಮೇಲೆ ಎರಡು ಚಳಿಗಾಲ ಬದುಕಿದರು. ಮಾತು ಪೂರ್ತಿ ತಿರುಗಿ ಬರಲಿಲ್ಲ. ಎಡಗೈಯಿಂದ ಕೆಲವು ಸ್ತವನಗಳನ್ನು ನುಡಿಸುತ್ತಿದ್ದರು, ಅವ್ವ ತಿದಿ ಒತ್ತುತ್ತಿದ್ದಳು. ಅದಕ್ಕೆ ಮುನ್ನ ಅಷ್ಟು ವರ್ಷ ಆ ಮನೆಯಲ್ಲಿದ್ದೂ ಅವ್ವ ಪೇಟಿ ಮುಟ್ಟಿದವಳಲ್ಲ. ಬಸದಿಯ ಹಿರಿಯರು ಪೂಜೆಯಲ್ಲಿ ಎಡಗೈ ಬೇಡವೆಂದರು. ಅಪ್ಪನಿಗೆ ಅದರಿಂದ ನೋವಾಯಿತೋ ಇಲ್ಲವೋ, ಹೇಳಲು ಅವರಿಗೆ ಮಾತಿರಲಿಲ್ಲ. ಪೂಜೆ ಮುಗಿಸಿ ಮಂದಿ ನಮ್ಮ ಮನೆಯ ಮುಂದೆ ಹಾದುಹೋಗುವ ಹೊತ್ತಿಗೆ ಅವರು ಪಡಸಾಲೆಯಲ್ಲಿ ನುಡಿಸುತ್ತ ಕುಳಿತಿರುತ್ತಿದ್ದರು. ಕೆಲವರು ಕಟ್ಟೆಯ ಮೇಲೆ ಕುಳಿತು ಕೇಳಿಯೇ ಹೋಗುತ್ತಿದ್ದರು.

ನಾವು ಖಾನಾಪುರಕ್ಕೆ ಮರಳಿದ ಮೇಲೆ ಹುಡುಗಿ ಮತ್ತೆ ದಿನಾ ಬರತೊಡಗಿದಳು. ಮುದುಕಿ ಹಾಲು ಹಾಕಿ ಬಂದು ಬಾಗಿಲ ಬಳಿ ಕುಳಿತು, ಕಾಲು ಚಾಚಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಾಸ್ತರರ ಮಗಳು ತಪ್ಪು ಪಟ್ಟಿ ಒತ್ತಿದರೆ ಮುದುಕಿಯ ಹುಬ್ಬು ಅಲುಗುತ್ತಿದ್ದುದನ್ನು ನಾನು ನೋಡಿದ್ದೇನೆ.

ನನ್ನ ಯಜಮಾನರಿಗೆ ವರ್ಗವಾಗಿ ನಾವು ಬೆಳಗಾವಿಗೆ ಬಂದಾಗ ಹುಡುಗಿ ಇನ್ನೂ ಚಿಕ್ಕವಳು. ಮುಂದೆ ಅವಳನ್ನು ಬೆಳಗಾವಿಯ ಬಳಿಯ ಸಾಂಬ್ರಾಕ್ಕೆ ಕೊಟ್ಟರೆಂದು ಕೇಳಿದೆ. ಅವಳ ಮಾವ ಊರಿನ ಭಜನೆಯವರಲ್ಲಿ ಒಬ್ಬ. ಸೊಸೆ ಎಡಚಿ ಎಂದು ಗೊತ್ತಾದಾಗ ಮನೆಯವರು ನಾಲ್ಕು ಮಾತು ಆಡಿದ್ದರಂತೆ. ಭಜನೆಯ ಪೇಟಿಯವನು ಜ್ವರದಲ್ಲಿ ಮಲಗಿದ ದಿನ ಅವಳೇ ಕುಳಿತು ನುಡಿಸಿದ ಮೇಲೆ ಆ ಮಾತು ತಾನಾಗಿ ನಿಂತಿತಂತೆ.

ಬಹಳ ವರ್ಷಗಳ ಮೇಲೆ ನೆಂಟರ ಮದುವೆಗೆಂದು ಸಾಂಬ್ರಾಕ್ಕೆ ಹೋದಾಗ ಅವಳ ಮನೆ ಹುಡುಕಿಕೊಂಡು ಹೋದೆ. ಮುಸ್ಸಂಜೆಗೆ ಇನ್ನೂ ಹೊತ್ತಿತ್ತು. ಜಗಲಿಯ ಮೇಲೆ ಪೇಟಿ, ಅದರ ಮುಂದೆ ಒಂದು ಪುಟ್ಟ ಹುಡುಗಿ, ಪಕ್ಕದಲ್ಲಿ ಅವಳು. ತುಂಬು ಕೈ ಬಳೆಯ ಹೆಂಗಸಾಗಿದ್ದಳು. ನನ್ನನ್ನು ಕಂಡವಳೇ ಇಳಿದು ಬಂದು ಕಾಲು ಹಿಡಿದಳು.

"ಕಾಕೂ, ಸರಿಯಾದ ಹೊತ್ತಿಗೆ ಬಂದ್ರಿ ನೋಡ್ರಿ. ಬರ್ರಿ, ಕುಂದರ್ರಿ. ಇಕಿ ನನ್ನ ಮಗಳು. ಇಕಿ ಬಲಗೈಯಾಕಿ ರೀ. ಇಕಿಗೆ ಹೆಂಗ ಕಲಸೂದೋ ನನಗ ತಿಳೀವಲ್ದು!"

ನಾನು ಸೆರಗು ಸಿಕ್ಕಿಸಿಕೊಂಡು ಮಗುವಿನ ಪಕ್ಕ ಕುಳಿತೆ. ಅವಳು ಎದುರಿಗೆ ಕುಳಿತು ನಾವು ಮಾಡುವುದನ್ನು ಕಣ್ಣಿಟ್ಟು ನೋಡತೊಡಗಿದಳು. ಮಗುವಿನ ಬೆರಳಿಗೆ ಬೆಲ್ಲ ಅಂಟಿತ್ತು, ಒತ್ತಿದ ಪಟ್ಟಿ ಬೆರಳಿನ ಜೊತೆಗೇ ಮೇಲೆ ಬರುತ್ತಿತ್ತು. ಮಗು ನಕ್ಕು ಮತ್ತೆ ಒತ್ತಿತು.